ಆರನೇ ಚಮಚ

ಲೋಕೇಶ ಚಮಚಗಳನ್ನು ಮೂರನೇ ಸಲ ಎಣಿಸಿದ. ಐದೇ. ಮುದುಕಿ ಆರನೆಯದನ್ನು ಅಡಗಿಸಿಟ್ಟಿದ್ದಾಳೆ, ಸಂಶಯವೇ ಇಲ್ಲ.

ಮರದ ಪೆಟ್ಟಿಗೆಯಲ್ಲಿ ಕುಳಿಗಳು ಆರಿದ್ದವು. ಆರನೆಯದರಲ್ಲಿ ಸುಕ್ರಜ್ಜಿಯ ಸುಣ್ಣದ ಡಬ್ಬಿ ಆರಾಮವಾಗಿ ಕೂತಿತ್ತು.

ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಹೊನ್ನಾವರದ ಆ ಮೀನುಗಾರರ ಕೇರಿಯ ಹೆರಿಗೆಗಳೆಲ್ಲ ಸುಕ್ರಜ್ಜಿಯ ಕೈಯಲ್ಲೇ ಆಗಿದ್ದವು. ಚಮಚಗಳು ಯಾವುದೋ ಸಾಹುಕಾರರ ಮನೆಯ ಬಾಣಂತನಕ್ಕೆ ಸಿಕ್ಕ ಉಡುಗೊರೆ. ಡಚ್ಚರ ಕಾಲದ ಅಪ್ಪಟ ಬೆಳ್ಳಿ. ಹಿಡಿಕೆಯ ತುದಿಯಲ್ಲಿ ಪುಟ್ಟ ಹಾಯಿಹಡಗು. ಅಜ್ಜಿ ಅವುಗಳಲ್ಲಿ ಉಪ್ಪಿನಕಾಯಿ ಬಡಿಸುತ್ತಿದ್ದಳು! ಲೋಕೇಶನ ಹೊಟ್ಟೆ ಉರಿಯಿತು.

ಮುಂಬೈಯಲ್ಲಿ ಅವನದು ಹಳೆ ಸಾಮಾನಿನ ಅಂಗಡಿ, ಇವತ್ತೋ ನಾಳೆಯೋ ಮುಚ್ಚುವಂಥದ್ದು. ಯಾರೋ ಮೊಬೈಲಿಗೆ ಕಳಿಸಿದ ಈ ಚಮಚಗಳ ಫೋಟೊ ನೋಡಿ ಓಡಿ ಬಂದಿದ್ದ. ಆರೂ ಸಿಕ್ಕರೆ ಕೊಳ್ಳಲು ಗಿರಾಕಿ ಸಿದ್ಧ, ಅಂಗಡಿ ಉಳಿಯುತ್ತದೆ. ಒಂದು ಕಡಿಮೆಯಾದರೂ ಬೇಡ ಎಂದಿದ್ದ ಆ ಪುಣ್ಯಾತ್ಮ.

ನೆಲದ ಮೇಲೆ ಕೂತು ಅಭ್ಯಾಸ ತಪ್ಪಿತ್ತು. ಬೆಲ್ಟಿನಡಿ ಒತ್ತುತ್ತಿದ್ದ ತಾಯತವನ್ನು ಅತ್ತ ಸರಿಸಿದ. ನಲವತ್ತು ದಾಟಿದರೂ ಅದನ್ನು ತೆಗೆಯಲು ತಾಯಿ ಬಿಟ್ಟಿರಲಿಲ್ಲ. ಮುಖದ ತುಂಬ ನಗೆ ತಂದುಕೊಂಡ.

“ಅಜ್ಜಿ, ನಾನೂ ಇದೇ ಊರಿನವನು. ದೋಣಿ ಬೀರಪ್ಪನ ಮಗಳು ಕಮಲಿ ಇದ್ದಾಳಲ್ಲ, ಅವಳ ಮಗ.”

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಏಳು ತಿಂಗಳಿಗೆ ಹುಟ್ಟಿದವನಲ್ಲ? ಅಂಗೈಯಷ್ಟಿದ್ದೆ. ಈಗ ಬಾಗ್ಲಲ್ಲಿ ಹಿಡಿಯೂದಿಲ್ಲ.”

ಚಹಾ ಬಂತು. ಲೋಕೇಶ ಇನ್ನು ತಡೆಯಲಾರದೆ ಕೇಳಿದ.

“ಆರನೇದು ಎಲ್ಲಿ ಅಜ್ಜಿ?”

“ಅದು ಮನೇಲಿಲ್ಲ ತಮಾ. ಒಬ್ಬನಿಗೆ ಕೊಟ್ಟೆ.”

ಭಟ್ಕಳದ ರಾಜೀವನೇ ಇರಬೇಕು! ಅದೇ ಧಂದೆಯವನು, ಎಲ್ಲ ಕಡೆ ಒಂದು ಹೆಜ್ಜೆ ಮುಂದೆ. ಲೋಕೇಶ ಚಹಾದ ಲೋಟ ಕೆಳಗಿಟ್ಟ. “ಮಾರಿದ್ರಾ?”

“ಮಾರೂದೆಂತ? ಹಂಗೇ ಕೊಟ್ಟೆ.”

“ಅವನಿಗೆ ಅದರ ಬೆಲೆ ಗೊತ್ತುಂಟಾ?”

“ಎಲ್ಲಿ! ಅವನಿಗೆ ಈಗ್ಲೂ ಗೊತ್ತಿಲ್ಲ.”

ಲೋಕೇಶನಿಗೆ ಹೋದ ಜೀವ ಬಂದಂತಾಯಿತು. ಬೆಲೆ ಗೊತ್ತಿಲ್ಲದವರಿಂದ ವಸ್ತು ಎತ್ತುವುದು ಅವನಿಗೆ ಎಡಗೈ ಕೆಲಸ. “ಹೆಸರು ಹೇಳಿ ಸಾಕು. ಅಂಥ ಪೆದ್ದನಿಂದ ಇವತ್ತೇ ಬಿಡಿಸಿಕೊಳ್ತೇನೆ.”

“ಪೆದ್ದ ಅಂತ ನಾ ಹೇಳೂದಿಲ್ಲಪ್ಪ.” ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. “ಅವನ ತಾಯಿ ಬೈದ್ರೆ?”

“ತಾಯಿಗೆ ನಾನು ಹೇಳಿಕೊಳ್ತೇನೆ.”

“ಆತು.” ಅಜ್ಜಿ ಎಲೆಗೆ ಸುಣ್ಣ ಸವರಿದಳು. “ಅದು ಈಗ ಚಮಚ ಅಲ್ಲ. ದಿನ ತುಂಬದ ಕೂಸು, ಅಳೂದೇ ಇಲ್ಲ. ಮೈಗೆ ಚೂರು ಬೆಳ್ಳಿ ತಾಗಿಸ್ಬೇಕು, ಆ ಮನೇಲಿ ಬೆಳ್ಳಿ ಅಂಬೂದೇ ಇಲ್ಲ. ಕುಮಟೆ ಅಕ್ಕಸಾಲಿ ಹತ್ರ ಚಮಚ ಕರಗಿಸಿ ತಾಯತ ಮಾಡ್ಸಿ ತಂದು, ಕೂಸಿನ ಸೊಂಟಕ್ಕೆ ನಾನೇ ಕಟ್ಟಿದೆ.”

ಲೋಕೇಶನ ಕೈ ತಂತಾನೇ ಬೆಲ್ಟಿನ ಕಡೆ ಹೋಯಿತು.

“ಕಮಲಿಗೆ ಹೇಳಿಯೇ ಬಿಚ್ಚು, ಮಗಾ.”