ಹೂಡಿ ನೋಡಿದ ಕಾರ್ಡು

“ಹೊಸಾದು ಹೊಸಾದ ರೀ ಅಜ್ಜಾರ,” ಎಂದು ಅಥಣಿ ರಸ್ತೆಯ ಕಂಪ್ಯೂಟರ್ ಅಂಗಡಿಯ ವಿಕ್ರಮ, ಬಣ್ಣದ ದೀಪಗಳಿದ್ದ ಗ್ರಾಫಿಕ್ಸ್ ಕಾರ್ಡನ್ನು ಗುರುಪಾದಯ್ಯನ ಮುಂದಿಟ್ಟ. ಮೊಮ್ಮಗಳು ನೇತ್ರಾಳ ಕೈ ಮಾತ್ರ ಪಕ್ಕದ ಹಳೆಯ ಕಾರ್ಡನ್ನು ಬಿಡಲಿಲ್ಲ. “ಮುತ್ಯಾ, ಅದು ಹೊಸಾದು ಖರೆ, ಆದ್ರ ಸಣ್ಣ ಜಾತಿದು. ಕಂಪ್ಯೂಟರ್ ಆಟಕ್ಕ ಇದ ಗಟ್ಟಿ.”

ಗುರುಪಾದಯ್ಯ ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿದ. “ಕೋಡಿಗಿ ಬಣ್ಣ ಹಚ್ಚಿದ್ರ ಎತ್ತು ಹೊಲದಾಗ ಗಳೆ ಜಗ್ಗತೈತೇನೋ ತಮ್ಮಾ? ಎರಡೂ ಹೂಡಿ ತೋರ್ಸು.”

ವಿಕ್ರಮ ನಗುತ್ತಲೇ ಒಂದಾದ ಮೇಲೊಂದು ಕಾರ್ಡು ಹಾಕಿದ. ಪರದೆಯ ಮೇಲಿನ ಆಟದ ಕಾರು ಹೊಸದರಲ್ಲಿ ತಿರುವಿಗೊಮ್ಮೆ ಮುಗ್ಗರಿಸಿತು. ಹಳೆಯದರಲ್ಲಿ ನೀರಿನಂತೆ ಹರಿಯಿತು. ಅವನ ನಗು ಅಲ್ಲೇ ಇಂಗಿತು.

ಗುರುಪಾದಯ್ಯ ಹೆಗಲ ವಸ್ತ್ರ ತೆಗೆದು, ದನದ ಸಂತೆಯಲ್ಲಿ ಬಟ್ಟೆಯ ಮರೆಗೆ ಬೆರಳು ಹಿಡಿದು ಬೆಲೆ ಕಟ್ಟುವವರ ಹಾಗೆ, ಮೊಮ್ಮಗಳ ಕೈ ಮೇಲೆ ಹೊದಿಸಿದ. “ವ್ಯಾಪಾರ ನೀನ ಮಾಡವಾ. ಎತ್ತು ಆರಿಸಿದಾಕಿ ನೀನು.”