ಅರಿವಪ್ಪನ ಸರದಿ

ಖಾಲಿ ಬುಟ್ಟಿ ಹಿಡಿದು ಹಿತ್ತಲಲ್ಲಿ ನಿಂತ ಚೌಡಮ್ಮನಿಗೆ ಕಾಮಾಲೆಗೆ ಅರೆಯುವ ಸೊಪ್ಪು ಯಾವುದೆಂದೇ ಮರೆತುಹೋಗಿತ್ತು. ನಲವತ್ತು ವರ್ಷ ಕೊಟ್ಟ ಔಷಧಿ. ಜಗಲಿಯಲ್ಲಿ ಹಳದಿಗಣ್ಣಿನ ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಬ್ಬಳು ತಾಯಿ ಕಾಯುತ್ತಿದ್ದಳು.

“ಯಾರೋ ಅರಿವಪ್ಪನ್ನ ಕೇಳವ್ರೆ ಕಣೆ,” ಎಂದು ತಂಗಿ ಪುಟ್ಟತಾಯಿಗೆ ಹೇಳಿದಳು.

“ವಯಸ್ಸಾಯ್ತಲ್ಲಕ್ಕ, ಬರೀ ಮರೆವು. ನೀ ಒಳಕ್ಕೋಗು, ನಾನು ನೋಡ್ಕೊತೀನಿ.”

ಅರಿವಪ್ಪ ಹೊಸದಾಗಿ ಏನನ್ನೂ ಕೊಡುವ ದೇವರಲ್ಲ. ಬಲ್ಲವರ ತಲೆಯಿಂದ ತೆಗೆದು ಕೇಳಿದವರ ತಲೆಗೆ ಹಾಕುತ್ತಾನೆ, ಅದೂ ಒಬ್ಬರಿಗೆ ಜನ್ಮಕ್ಕೆ ಒಂದೇ ಸಲ. ಓಡಿಹೋದ ಗಂಡನ ಸುಳಿವು ಕೇಳಿ ತನ್ನ ಸರದಿ ಎಂದೋ ಮುಗಿಯಿತೆಂದು ಪುಟ್ಟತಾಯಿ ಅತ್ತಿದ್ದಳು. ಚೌಡಮ್ಮನದು ಹಾಗೇ ಉಳಿದಿತ್ತು.

ಗುಡಿಯಲ್ಲಿ ಪೂಜಾರಿ ಅವಳ ಸರದಿಯ ಚೀಟಿ ಹರಿಯುತ್ತಾ, “ಕದ್ದವ್ರ ಹೆಸರು ಬೇಕೊ, ಸೊಪ್ಪು ಬೇಕೊ? ಎರಡೂ ಆಗಾಕಿಲ್ಲ,” ಎಂದ.

ಹೆಸರನ್ನೇ ಕೇಳಬೇಕೆನ್ನಿಸಿತು. ಆದರೆ ಕೂಸಿನ ಕಣ್ಣು ನೆನಪಾಗಿ ಚೌಡಮ್ಮ ಸೊಪ್ಪನ್ನು ಬೇಡಿದಳು. ಅದು ವಾಸನೆಯ ಸಮೇತ ಮರಳಿ ಬಂತು. ಕದ್ದವರು ಯಾರೇ ಆಗಲಿ, ಅವರಿಗೀಗ ಮರೆತಿರುತ್ತದೆ ಎಂದು ಸಮಾಧಾನ ಮಾಡಿಕೊಂಡು ಮನೆಗೆ ನಡೆದಳು.

ಹಿತ್ತಲಲ್ಲಿ ಪುಟ್ಟತಾಯಿ ಖಾಲಿ ಬುಟ್ಟಿ ಹಿಡಿದು, ಗಿಡದಿಂದ ಗಿಡಕ್ಕೆ ಕಣ್ಣಾಡಿಸುತ್ತಾ ನಿಂತಿದ್ದಳು.

“ಏನು ಕೀಳೋಕೆ ಬಂದೆ ಅಂತ್ಲೇ ಮರೆತೋಯ್ತಕ್ಕ,” ಎಂದಳು.

ಹಾಗಾದರೆ ಗಂಡನ ಸುಳಿವನ್ನು ಅವಳು ಕೇಳಿಯೇ ಇರಲಿಲ್ಲ. ಔಷಧಿ ಹೇಳಿಕೊಡುವ ದಿನವೆಂದು ಬರುವ ಅಮಾವಾಸ್ಯೆಗೆ ಈ ಸೊಪ್ಪನ್ನು ಅವಳಿಗೇ ತೋರಿಸಬೇಕೆಂದು ಚೌಡಮ್ಮ ಅಂದುಕೊಂಡಿದ್ದಳು.

“ವಯಸ್ಸಾಯ್ತಲ್ಲ, ಬರೀ ಮರೆವು. ನೀ ಒಳಕ್ಕೋಗು,” ಎಂದಳು.

ತಂಗಿ ಒಳಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ಚೌಡಮ್ಮ ಯಾವ ಗಿಡಕ್ಕೂ ಕೈ ಹಾಕಲಿಲ್ಲ.