ಬಲೆಯಿಲ್ಲದ ಸೋಮವಾರ

ತೊಂಬತ್ತೇಳರ ಮಾಗಿ. ಹಳೇಬೀಡಿನ ಕೆರೆಯ ಮೇಲೆ ಮಂಜು ಕರಗುವ ಹೊತ್ತಿನಲ್ಲಿ ಹನುಮಯ್ಯ ತನ್ನ ಮೀನು ಹಿಡಿಯುವ ತೆಪ್ಪಕ್ಕೆ ಇಂಗ್ಲೆಂಡಿನ ಹೆಂಗಸೊಬ್ಬಳನ್ನು ಕೈಹಿಡಿದು ಹತ್ತಿಸುತ್ತಿದ್ದ. ದಡದಲ್ಲಿ ಬಲೆ ಒದರುತ್ತಿದ್ದ ಹೆಂಡತಿ ಸಣ್ಣತಾಯಮ್ಮನ ಕೈ ನಿಂತುಹೋಯಿತು. ಹೆಂಗಸು ಕಾಲಿಟ್ಟರೆ ಮೀನು ಬೀಳುವುದಿಲ್ಲವೆಂಬ ಮಾತಿಗೆ ಕಟ್ಟುಬಿದ್ದು, ಮೂವತ್ತು ವರ್ಷ ಆ ತೆಪ್ಪಕ್ಕೆ ಟಾರು ಬಳಿದಿದ್ದಳೇ ಹೊರತು ಒಮ್ಮೆಯೂ ಅದರಲ್ಲಿ ಕೂತವಳಲ್ಲ.

“ಆಯಮ್ಮ ಕೂತ್ರೆ ಮೀನು ಓಡೋಗಾಕಿಲ್ವಾ? ನನ್ ಕಂಡ್ರೆ ಮಾತ್ರ ಹೆದ್ರಿಕೆನಾ ಅವಕ್ಕೆ?”

“ಸುಮ್ಕಿರೇ, ಒಂದೇ ಸುತ್ತು,” ಎಂದ ಹನುಮಯ್ಯ.

ಸುತ್ತು ಮುಗಿಸಿ ಇಳಿದ ಆಕೆ ಸಣ್ಣತಾಯಮ್ಮನ ಕೈಗೆ ಒಂದು ಫೋಟೋ ಕೊಟ್ಟಳು. ಆಕೆಯ ಊರಿನ ಹಳೇ ಕಾಲುವೆ. ಅದರಲ್ಲಿ ಬಸ್ಸಿನಷ್ಟು ಉದ್ದದ, ಅಗಲವಿಲ್ಲದ ದೋಣಿ, ಅದರ ಮಾಡಿನ ಮೇಲೆ ಹೂವಿನ ಕುಂಡಗಳು. ಹಿಂದೆ ನಿಂತು ದೋಣಿ ನಡೆಸುತ್ತಿದ್ದವಳು ಆಕೆಯೇ. ಗಂಡ ಮುಂದೆ ಕೂತು ಟೀ ಕುಡಿಯುತ್ತಿದ್ದ.

“ಬೆಳಗಿಂದ ಸಂಜೆಗಂಟ ಹಿಂಗೇ ಓಯ್ತಾರಂತೆ,” ಎಂದ ಜೊತೆಗಿದ್ದ ಗೈಡು ಸ್ವಾಮಿ.

“ಎಲ್ಲಿಗಪ್ಪಾ?”

“ಎಲ್ಲಿಗೂ ಇಲ್ವಂತೆ ಕಣಮ್ಮ. ಸುಮ್ನೆ.”

“ಸುಮ್ನೆ,” ಎಂದು ಸಣ್ಣತಾಯಮ್ಮ ತಾನೂ ಒಮ್ಮೆ ಅಂದು ನೋಡಿದಳು. ಒದ್ದೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಫೋಟೋದಲ್ಲಿ ದೋಣಿ ನಡೆಸುವ ಆ ಕೈಯನ್ನು ಮೆಲ್ಲಗೆ ಮುಟ್ಟಿದಳು. ಫೋಟೋ ವಾಪಸ್ಸು ಕೊಟ್ಟ ಮೇಲೂ ಅವಳ ಬೆರಳುಗಳು ಏನನ್ನೋ ಹಿಡಿದಂತೆ ಮಡಚಿಕೊಂಡೇ ಇದ್ದವು. ಹನುಮಯ್ಯ ಅದನ್ನೇ ನೋಡುತ್ತ ನಿಂತ.

“ಸೋಮವಾರ ಶಿವನ ವಾರ,” ಎಂದ ಆಮೇಲೆ, ನೀರಿನ ಕಡೆ ಮುಖಮಾಡಿ. “ಅವತ್ತು ಬಲೆ ಬಿಡಾಕಿಲ್ವಲ್ಲೇ.”

ಇಂಗ್ಲೆಂಡಿನಾಕೆ ಭಾನುವಾರದ ಬಸ್ಸಿಗೆ ಹೊರಟುಹೋದಳು. ಸೋಮವಾರ ಬೆಳಗ್ಗೆ, ಗಂಡನನ್ನು ಎದುರಿಗೆ ಕೂರಿಸಿಕೊಂಡು, ಹುಟ್ಟು ಹಿಡಿದು ದಡ ಬಿಟ್ಟವಳು ಸಣ್ಣತಾಯಮ್ಮ.